ಗಂಧದ ಕೊರಡಿನ ಮೂಲ: ಅಚೌರ್ಯ ವ್ರತ ಮತ್ತು ಮರದ ವ್ಯಾಪಾರ

ಪ್ರಾತಃಕಾಲ ಜಿನಮಂದಿರದ ಬಾಗಿಲು ತೆರೆದೊಡನೆ ನಮ್ಮ ಕಿವಿಗೆ ಬೀಳುವ ಮೊದಲ ಸದ್ದುಗಳಲ್ಲಿ ಒಂದು, ಸಾಣೆಕಲ್ಲಿನ ಮೇಲೆ ಶ್ರೀಗಂಧದ ಕೊರಡನ್ನು ತೇಯುವ ಸದ್ದು. ಶ್ವೇತಾಂಬರ ಮೂರ್ತಿಪೂಜಕ ಪರಂಪರೆಯಲ್ಲಿ ಕೇಸರಿ ಬೆರೆಸಿದ ಗಂಧದಿಂದ ಭಗವಂತನ ನವಾಂಗಗಳನ್ನು ಪೂಜಿಸುತ್ತಾರೆ. ದಿಗಂಬರ ಪರಂಪರೆಯ ಅಷ್ಟದ್ರವ್ಯಗಳಲ್ಲಿ ಜಲದ ನಂತರದ ಸ್ಥಾನ ಚಂದನಕ್ಕೆ. ಮನೆಯಲ್ಲಿ ಮಾರವಾಡಿ, ಗುಜರಾತಿ, ಕನ್ನಡ, ತೆಲುಗು ಯಾವ ನುಡಿಯನ್ನೇ ಆಡಲಿ, ಆ ಪರಿಮಳದ ಮುಂದೆ ನಾವೆಲ್ಲರೂ ಒಂದೇ ಕುಟುಂಬ. ಚಂದನವು ತಾಪವನ್ನು ತಣಿಸುವ ದ್ರವ್ಯ. ಕಷಾಯಗಳ ಉರಿ ಆರಲಿ ಎಂಬ ಭಾವನೆಯಿಂದಲೇ ಅದನ್ನು ಅರ್ಪಿಸುತ್ತೇವೆ.

ಪೂಜೆಗೆ ನಿಲ್ಲುವ ಮುನ್ನ ಸ್ನಾನ ಮಾಡುತ್ತೇವೆ, ಶುದ್ಧ ವಸ್ತ್ರ ಉಡುತ್ತೇವೆ, ನೀರನ್ನು ಸೋಸುತ್ತೇವೆ. ದ್ರವ್ಯಶುದ್ಧಿಯಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಆ ಕೊರಡಿನ ಬಗ್ಗೆ ಮಾತ್ರ ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಇದು ಯಾರ ಮರ? ಯಾರು ಕಡಿದರು? ಒಡೆಯನ ಒಪ್ಪಿಗೆ ಇತ್ತೇ? ಈ ಲೇಖನ ಬರೆಯಲು ಕುಳಿತಾಗ ನಮ್ಮ ಮನೆಯ ದೇವರಕೋಣೆಯ ಕೊರಡಿಗೂ ರಸೀದಿ ಇಲ್ಲವೆಂಬುದು ನನ್ನ ಅರಿವಿಗೆ ಬಂತು. ಆದ್ದರಿಂದ ಇದು ಉಪದೇಶವೆಂದು ಯಾರೂ ಭಾವಿಸಬಾರದು. ಜೊತೆಗೂಡಿ ಮಾಡುವ ಆತ್ಮಾವಲೋಕನ ಇದು.

ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಅನೇಕ ದೇಶಗಳು ಇದೇ ಪ್ರಶ್ನೆಯನ್ನು ಕಾಯಿದೆಯ ರೂಪದಲ್ಲಿ ಕೇಳತೊಡಗಿವೆ. ಅದರಿಂದ ಮರವನ್ನು ಮಾರುವ ದೇಶಗಳಿಗೆ ಒಳಿತೂ ಆಗಿದೆ, ಕೆಡುಕೂ ಆಗಿದೆ. ಅದನ್ನು ಅರಿತು, ಅದರಲ್ಲಿ ಶ್ರಾವಕನ ಕರ್ತವ್ಯವೇನೆಂದು ವಿಚಾರ ಮಾಡೋಣ.

ನಮ್ಮ ರೈಲುಹಾದಿಯ ಬೆಟ್ಟಗಳು

ಆದೋನಿ ಹತ್ತಿಯ ಊರು. ಕರಿಮಣ್ಣಿನ ಬಯಲು, ಬಂಡೆಗಲ್ಲಿನ ಗುಡ್ಡಗಳ ನಡುವೆ ಬಾಳುವ ಪಶ್ಚಿಮ ಕರ್ನೂಲಿನವರಿಗೆ ದಟ್ಟ ಕಾಡೆಂಬುದು ದೂರದ ಮಾತು. ಆದರೆ ಮುಂಬೈಯಿಂದ ನಮ್ಮ ಊರಿನ ಮೂಲಕ ಚೆನ್ನೈಗೆ ಹೋಗುವ ರೈಲನ್ನು ಏರಿದರೆ ಗುಂತಕಲ್ಲು, ತಾಡಿಪತ್ರಿ, ಕಡಪ ದಾಟಿದ ಮೇಲೆ ರಾಜಂಪೇಟೆ, ಕೋಡೂರುಗಳ ಬಳಿ ಕಿಟಕಿಯಾಚೆ ಬೆಟ್ಟಸಾಲು ಕಾಣುತ್ತದೆ. ಅಲ್ಲಿ, ಪೂರ್ವಘಟ್ಟದ ಆ ದಕ್ಷಿಣ ಭಾಗದಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಮರ ರಕ್ತಚಂದನ, ತೆಲುಗಿನಲ್ಲಿ ಎರ್ರಚಂದನ. ಶ್ರೀಗಂಧಕ್ಕೂ ಇದಕ್ಕೂ ಹೆಸರಿನ ನಂಟೇ ಹೊರತು ಕುಲದ ನಂಟಿಲ್ಲ. ಇದರ ಬೆಲೆಯೆಲ್ಲ ಕಡುಗೆಂಪು ಚೇಗಿನಲ್ಲಿದೆ. ಹಿಂದೆ ಬಣ್ಣಕ್ಕಾಗಿ ಯೂರೋಪಿಗೆ, ವಾದ್ಯಗಳಿಗಾಗಿ ಜಪಾನಿಗೆ, ಪೀಠೋಪಕರಣಗಳಿಗಾಗಿ ಚೀನಕ್ಕೆ ಅದು ಹೋಯಿತು.

ಅಳಿವಿನ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧಕ್ಕೆ ರಕ್ತಚಂದನವನ್ನು 1995ರಲ್ಲಿ ಸೇರಿಸಲಾಯಿತು. ಕಾಡಿನ ರಕ್ತಚಂದನದ ರಫ್ತನ್ನು ಭಾರತವೂ ನಿಷೇಧಿಸಿತು. ಬಾಗಿಲು ಮುಚ್ಚಿತು, ಆದರೆ ಬಾಗಿಲಾಚೆಯ ಬೇಡಿಕೆ ತಗ್ಗಲಿಲ್ಲ. ದುರ್ಲಭವಾದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ಕಳ್ಳಸಾಗಣೆ ಬೆಳೆಯಿತು. ಕಳ್ಳರಿಂದ ವಶಪಡಿಸಿಕೊಂಡ ಮರವೇ ಸಾವಿರಾರು ಟನ್ನುಗಳಷ್ಟು ಸರ್ಕಾರಿ ಗೋದಾಮುಗಳಲ್ಲಿ ರಾಶಿ ಬಿದ್ದು, ಕೇಂದ್ರದಿಂದ ವಿಶೇಷ ವಿನಾಯಿತಿ ಪಡೆದು ಆಂಧ್ರಪ್ರದೇಶ ಸರ್ಕಾರವು ಅದನ್ನು ಹರಾಜು ಹಾಕಬೇಕಾಯಿತು.

2015ರ ಏಪ್ರಿಲ್ 7ರಂದು ಶೇಷಾಚಲ ಅರಣ್ಯದಲ್ಲಿ ಕಳ್ಳಸಾಗಣೆ ತಡೆಯುವ ವಿಶೇಷ ಪಡೆಯ ಗುಂಡಿಗೆ 20 ಮಂದಿ ಬಲಿಯಾದರು. ಸತ್ತವರು ತಮಿಳುನಾಡಿನಿಂದ ಬಂದ ಕೂಲಿಕಾರರು. ಆ ಗುಂಡಿನ ದಾಳಿ ನ್ಯಾಯವಾಗಿತ್ತೇ ಎಂಬ ಬಗ್ಗೆ ಅಂದೂ ತೀವ್ರ ವಿವಾದವೆದ್ದಿತು. ಅದನ್ನು ನಿರ್ಣಯಿಸುವ ಸ್ಥಳ ಇದಲ್ಲ. ನಾವು ಮನಸ್ಸಿಗೆ ತಂದುಕೊಳ್ಳಬೇಕಾದ್ದು ಇಷ್ಟು: ಕೊಡಲಿ ಹಿಡಿದವನು ಕಾಡಿನಲ್ಲಿ ಸತ್ತ, ಆ ಮರಕ್ಕೆ ಕೊನೆಯ ಬೆಲೆ ಕೊಡುವವನು ಸಾವಿರಾರು ಮೈಲಿ ದೂರದ ತನ್ನ ಮನೆಯಲ್ಲಿ ಸುಖವಾಗಿದ್ದ. ಅವನು ಯಾರನ್ನೂ ಕಡಿಯಲು ಕಳುಹಿಸಿರಲಿಲ್ಲ. ಹಾಗಾದರೆ ಅವನು ನಿರ್ದೋಷಿಯೇ?

ಆಚಾರ್ಯರು ತೋರಿದ ದಾರಿ

ಈ ಪ್ರಶ್ನೆಗೆ ಜಿನಶಾಸನವು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ದಿಗಂಬರ-ಶ್ವೇತಾಂಬರ ಎರಡೂ ಪರಂಪರೆಗಳು ಗೌರವಿಸುವ ತತ್ತ್ವಾರ್ಥಸೂತ್ರದಲ್ಲಿ ಗೃಹಸ್ಥನ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಕಳ್ಳ ತೂಕ-ಅಳತೆ, ಕಲಬೆರಕೆ ಈ ಎರಡನ್ನು ವ್ಯಾಪಾರಿಗಳಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಉಳಿದ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಮೊದಲನೆಯದು ಸ್ತೇನಪ್ರಯೋಗ, ಕಳ್ಳನನ್ನು ತಾನೇ ಪ್ರೇರೇಪಿಸುವುದು, ಇತರರಿಂದ ಪ್ರೇರೇಪಿಸುವುದು, ಅಥವಾ ಅವನ ಕೆಲಸವನ್ನು ಅನುಮೋದಿಸುವುದು. ಎರಡನೆಯದು ತದಾಹೃತಾದಾನ, ಕಳ್ಳನು ತಂದ ವಸ್ತುವನ್ನು ತೆಗೆದುಕೊಳ್ಳುವುದು. ಕನ್ನಡ ನಾಡಿನಲ್ಲಿ ಬಾಳಿದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇವೆರಡರ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾರೆ. ಕೊಳ್ಳುವವನು ಕಳ್ಳನನ್ನು ಪ್ರೇರೇಪಿಸದಿದ್ದರೂ, ಅನುಮೋದಿಸದಿದ್ದರೂ, ಕದ್ದು ತಂದದ್ದನ್ನು ಸ್ವೀಕರಿಸುವುದೇ ಪ್ರತ್ಯೇಕವಾದ ಒಂದು ಅತಿಚಾರವೆಂಬುದು ಅವರ ಅಭಿಪ್ರಾಯ. “ನಾನು ಕದಿಯಲು ಹೇಳಿರಲಿಲ್ಲ” ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯೇ ಇಲ್ಲ. ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವನ್ನು ಮುಂದೆ ನೋಡೋಣ.

ವನಸ್ಪತಿಯೂ ಏಕೇಂದ್ರಿಯ ಜೀವವೆಂದು ನಂಬಿದವರು ನಾವು. ಶ್ರಾವಕರಿಗೆ ವರ್ಜ್ಯವೆಂದು ಹೇಳಿರುವ ಹದಿನೈದು ಕರ್ಮಾದಾನಗಳಲ್ಲಿ ಮರ ಕಡಿದು ಜೀವಿಸುವ ವನಕರ್ಮವೂ ಒಂದು. ಆದರೂ ಗೃಹಸ್ಥನು ಮರವಿಲ್ಲದೆ ಬಾಳಲಾರ. ಬಾಗಿಲು ಬೇಕು, ಮಂಚ ಬೇಕು, ಸ್ಥಾಪನೆಗೆ ಪೀಠ ಬೇಕು. ಜೀವಹಾನಿಯನ್ನು ಸಂಪೂರ್ಣವಾಗಿ ತಪ್ಪಿಸಲಾಗದಿದ್ದರೂ, ಕಳವಿನಲ್ಲಿ ಪಾಲುಗೊಳ್ಳುವುದನ್ನು ತಪ್ಪಿಸಬಹುದು. ಅಣುವ್ರತವೆಂದರೆ ಈ ಸಾಧ್ಯವಾದಷ್ಟನ್ನು ಪ್ರಾಮಾಣಿಕವಾಗಿ ಮಾಡುವುದು.

ಕೊಳ್ಳುವವನನ್ನು ಪ್ರಶ್ನಿಸುವ ಕಾಯಿದೆಗಳು

ಬಹುಕಾಲ ಜಗತ್ತಿನ ಕಾನೂನುಗಳು ಕಡಿದವನನ್ನು ಮಾತ್ರ ಹಿಡಿಯುತ್ತಿದ್ದವು. ಹಡಗಿನಿಂದ ಇಳಿದ ಮರಕ್ಕೆ ಮೂಲದೇಶದ ಕಳಂಕ ಅಂಟುತ್ತಿರಲಿಲ್ಲ. 2008ರಲ್ಲಿ ಅಮೆರಿಕವು ತನ್ನ ಹಳೆಯ ಲೇಸಿ ಕಾಯಿದೆಯನ್ನು ತಿದ್ದಿ, ಮೂಲದೇಶದ ಕಾನೂನನ್ನು ಮುರಿದು ಕಡಿದ ಮರವನ್ನು ಆಮದು ಮಾಡುವುದನ್ನೂ ಅಪರಾಧವೆಂದು ಸಾರಿತು. ಆಸ್ಟ್ರೇಲಿಯ 2012ರಲ್ಲಿ ಇಂಥದೇ ಕಾಯಿದೆಯನ್ನು ಮಾಡಿತು. ಯೂರೋಪ್ ಒಕ್ಕೂಟದ ಮರದ ನಿಯಮ 2013ರ ಮಾರ್ಚಿನಿಂದ ಜಾರಿಗೆ ಬಂತು. ಕಾಡು ನಾಶ ಮಾಡಿ ಬೆಳೆದ ಇತರ ಸರಕುಗಳನ್ನೂ ಒಳಗೊಳ್ಳುವ ಇನ್ನಷ್ಟು ಕಠಿಣವಾದ ನಿಯಮವನ್ನು ಆ ಒಕ್ಕೂಟ 2023ರಲ್ಲಿ ಅಂಗೀಕರಿಸಿತು, ಅದರ ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದೂ ಉಂಟು. ಇವೆಲ್ಲವುಗಳ ತಿರುಳು ಒಂದೇ: ಕೊಳ್ಳುವವನು ಮೂಲವನ್ನು ವಿಚಾರಿಸಬೇಕು. ತದಾಹೃತಾದಾನವನ್ನು ಅತಿಚಾರವೆಂದು ಕಲಿತು ಬಂದ ನಮಗೆ ಇದು ಹೊಸ ಮಾತಲ್ಲ. ವ್ರತವಾಗಿದ್ದುದು ಕಾಯಿದೆಯಾಗಿ ಬಂದಿದೆ.

ಇದರಿಂದ ಒಳಿತಾಗಿದೆಯೆಂಬುದಕ್ಕೆ ಇಂಡೊನೇಷ್ಯ ಸಾಕ್ಷಿ. ಅಕ್ರಮ ಮರಗಡಿತಕ್ಕೆ ಕುಖ್ಯಾತವಾಗಿದ್ದ ಆ ದೇಶವು ಕಾಡಿನಿಂದ ಬಂದರಿನವರೆಗೆ ಮರದ ಜಾಡನ್ನು ದಾಖಲಿಸುವ ವ್ಯವಸ್ಥೆಯನ್ನು ಕಟ್ಟಿತು. 2016ರ ನವೆಂಬರ್ 15ರಿಂದ, ಯೂರೋಪ್ ತಾನಾಗಿ ಮಾನ್ಯ ಮಾಡುವ ಪರವಾನಗಿಯನ್ನು ನೀಡತೊಡಗಿದ ಮೊದಲ ದೇಶವಾಯಿತು. ಹೊರಗಿನ ಖರೀದಿದಾರನ ಪ್ರಶ್ನೆ ಒಳಗಿನ ಆಡಳಿತವನ್ನು ತಿದ್ದಿತು. ಆದರೆ ಅದೇ ದೇಶದ ಜೆಪಾರಾ ಎಂಬ ಮರಗೆಲಸದ ಊರಿನ ಸಣ್ಣ ಕುಶಲಕರ್ಮಿಗಳಿಗೆ ಆ ಪ್ರಮಾಣಪತ್ರದ ಖರ್ಚು ದೊಡ್ಡ ಹೊರೆಯಾಯಿತು. ದೊಡ್ಡ ಕಾರ್ಖಾನೆಗೆ ಅದೊಂದು ಕಡತ. ಮನೆಯಂಗಳದಲ್ಲಿ ಕುರ್ಚಿ ಮಾಡುವವನಿಗೆ ಅದು ತಿಂಗಳುಗಳ ದುಡಿಮೆ.

ಭಾರ ಯಾರ ಹೆಗಲಿಗೆ?

ಇದೇ ಕಥೆ ನಮ್ಮಲ್ಲಿ ಅನೇಕರ ಪೂರ್ವಜರ ನಾಡಾದ ಮಾರವಾಡದಲ್ಲಿಯೂ ನಡೆದಿದೆ. ಜೋಧಪುರ ಮತ್ತು ಉತ್ತರಪ್ರದೇಶದ ಸಹಾರನಪುರದ ಕುಶಲಕರ್ಮಿಗಳು ಶೀಶಮ್ ಮರದ ಪೆಟ್ಟಿಗೆ, ಮೇಜು, ಕೆತ್ತನೆಯ ವಸ್ತುಗಳನ್ನು ಮಾಡಿ ಹೊರದೇಶಕ್ಕೆ ಕಳುಹಿಸುತ್ತಾರೆ. ಶೀಶಮ್ ಹೊಲದ ಬದುಗಳಲ್ಲಿ, ಕಾಲುವೆಯ ದಂಡೆಗಳಲ್ಲಿ ನೆಟ್ಟು ಬೆಳೆಸುವ ಮರ, ಅದು ಅಳಿವಿನಂಚಿನಲ್ಲಿರಲಿಲ್ಲ. ಆದರೆ ಅದೇ ಕುಲದ ಬೀಟೆಯ ಜಾತಿಗಳು ಜಗತ್ತಿನ ನಾನಾ ಕಡೆ ಲೂಟಿಯಾಗುತ್ತಿದ್ದವು. ಕೊಯ್ದ ಹಲಗೆಯನ್ನು ನೋಡಿ ಯಾವ ಜಾತಿಯೆಂದು ಸುಂಕದ ಅಧಿಕಾರಿ ಗುರುತಿಸುವುದು ಕಷ್ಟ. ಆದ್ದರಿಂದ 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ ಸಮ್ಮೇಳನವು ಇಡೀ ಕುಲವನ್ನೇ ಎರಡನೆಯ ಅನುಬಂಧಕ್ಕೆ ಸೇರಿಸಿತು. 2017ರ ಜನವರಿ 2ರಿಂದ ಅದು ಜಾರಿಗೆ ಬಂತು.

ಪರಿಣಾಮವಾಗಿ, ಭಾರತ ಸರ್ಕಾರವೇ ತಿಳಿಸಿದಂತೆ, ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಇದ್ದ ಈ ರಫ್ತು 500-600 ಕೋಟಿಗೆ ಇಳಿಯಿತು. ಸುಮಾರು 50,000 ಕುಶಲಕರ್ಮಿಗಳ ಜೀವನಕ್ಕೆ ಪೆಟ್ಟು ಬಿತ್ತು. 2022ರ ನವೆಂಬರಿನಲ್ಲಿ ಪನಾಮಾ ಸಮ್ಮೇಳನದಲ್ಲಿ, ಒಂದೊಂದು ವಸ್ತುವಿನಲ್ಲಿರುವ ಮರದ ತೂಕ 10 ಕಿಲೋ ಮೀರದಿದ್ದರೆ ಆ ವಸ್ತುಗಳಿಗೆ ಸೈಟಿಸ್ ಪರವಾನಗಿ ಬೇಡವೆಂಬ ಸ್ಪಷ್ಟೀಕರಣ ದೊರಕಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಮಡಗಾಸ್ಕರಿನ ಕಾಡನ್ನು ಕಡಿದವನ ಪಾಪಕ್ಕೆ ಜೋಧಪುರದಲ್ಲಿ ಉಳಿ ಹಿಡಿದವನು ಐದಾರು ವರ್ಷ ದಂಡ ತೆತ್ತನು.

ನಮ್ಮ ಹತ್ತಿ ಮಾರುಕಟ್ಟೆಯ ಒಂದು ನ್ಯಾಯ ಇಲ್ಲಿ ನೆನಪಾಗುತ್ತದೆ. ಮಾಲಿನ ಗುಣ ನೋಡಲು ಬೋರದಿಂದ ಹಿಡಿ ಹತ್ತಿಯನ್ನು ಮಾದರಿಯಾಗಿ ತೆಗೆಯುವುದು ಸರಿಯೇ. ನೋಡದೆ ಕೊಳ್ಳುವವನು ವ್ಯಾಪಾರಿಯಲ್ಲ. ಆದರೆ ಆ ಮಾದರಿಯ ತೂಕವನ್ನು ರೈತನ ಲೆಕ್ಕದಿಂದ ಕಳೆದರೆ ಅದು ಹೀನಾಧಿಕ ಮಾನದ ದೋಷಕ್ಕೆ ಹತ್ತಿರವಾಗುತ್ತದೆ. ಪರೀಕ್ಷಿಸುವುದು ಕೊಳ್ಳುವವನ ಹಕ್ಕಾದರೆ ಪರೀಕ್ಷೆಯ ಖರ್ಚು ಕೊಳ್ಳುವವನ ಧರ್ಮ. ಶ್ರೀಮಂತ ದೇಶಗಳ ಕಾಯಿದೆಗಳು ಎಡವಿದ್ದು ಇಲ್ಲಿಯೇ. ಕೇಳಿದ ಪ್ರಶ್ನೆ ಧರ್ಮಸಮ್ಮತವಾಗಿತ್ತು. ಉತ್ತರ ಹುಡುಕುವ ವೆಚ್ಚವನ್ನು ಮಾತ್ರ ಅತ್ಯಂತ ದುರ್ಬಲನ ತಕ್ಕಡಿಗೆ ಹಾಕಲಾಯಿತು.

ಕಾಡಿನಿಂದ ಕಾಡಿಗೆ ಸರಿದ ಕೊಡಲಿ

ಎರಡನೆಯ ಕೆಡುಕು ಇನ್ನೂ ಸೂಕ್ಷ್ಮವಾದದ್ದು. ಒಂದು ಕಡೆ ತಡೆದ ಕೊಡಲಿ ಇನ್ನೊಂದು ಕಡೆ ಏಳುತ್ತದೆ. 1996ರ ಡಿಸೆಂಬರ್ 12ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ನೀಡಿದ ಆದೇಶವು ದೇಶದ ಕಾಡುಗಳಲ್ಲಿನ ಮರಗಡಿತಕ್ಕೆ ಬಲವಾದ ಕಡಿವಾಣ ಹಾಕಿತು. 1998ರ ಯಾಂಗ್‌ಟ್ಸಿ ಮಹಾಪೂರದ ನಂತರ ಚೀನವೂ ತನ್ನ ಸಹಜ ಕಾಡುಗಳ ಕಡಿತವನ್ನು ನಿರ್ಬಂಧಿಸಿತು. ಎರಡೂ ಶ್ಲಾಘ್ಯ ಕ್ರಮಗಳೇ. ಆದರೆ ಎರಡೂ ದೇಶಗಳು ಮರದ ಬಳಕೆಯನ್ನು ಕಡಿಮೆ ಮಾಡಲಿಲ್ಲ. ಮ್ಯಾನ್ಮಾರ್, ಮಲೇಷ್ಯ, ಆಫ್ರಿಕದ ದೇಶಗಳಿಂದ ತರಿಸತೊಡಗಿದವು. ನಮ್ಮ ಕಾಡಿನ ಮೇಲಿನ ಕರುಣೆಯ ಬೆಲೆಯನ್ನು ಬೇರೆಯವರ ಕಾಡು ತೆತ್ತಿತು.

ನಮ್ಮ ಮದುವೆಮನೆಗಳಲ್ಲಿಯೂ ಗೃಹಪ್ರವೇಶಗಳಲ್ಲಿಯೂ “ಬರ್ಮಾ ತೇಗದ ಬಾಗಿಲು” ಎಂಬುದು ಹೆಮ್ಮೆಯ ಮಾತು. ಮ್ಯಾನ್ಮಾರ್ ದೇಶವು ತನ್ನ ಕಾಡನ್ನು ಉಳಿಸಿಕೊಳ್ಳಲು 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. 2021ರ ಫೆಬ್ರವರಿಯಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡಿತು. ಮರದ ಹಣ ಸೈನ್ಯದ ಕೈ ಸೇರುತ್ತದೆಂದು ಅದೇ ವರ್ಷ ಅಮೆರಿಕವೂ ಯೂರೋಪ್ ಒಕ್ಕೂಟವೂ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ದಿಗ್ಬಂಧನ ಹೇರಿದವು. ಭಾರತ ಅಂಥ ದಿಗ್ಬಂಧನವನ್ನು ವಿಧಿಸಲಿಲ್ಲ. ಆಮದು ಮಾಡುವ ಮರದ ಮೂಲವನ್ನು ಖರೀದಿದಾರನೇ ಪರಿಶೀಲಿಸಬೇಕೆಂಬ ಕಟ್ಟುನಿಟ್ಟಿನ ಕಾಯಿದೆಯೂ ನಮ್ಮಲ್ಲಿಲ್ಲ. ಹಾಗಾದರೆ ಕಾನೂನು ಕೇಳದ ಕಡೆ ನಾವು ಕೇಳಬೇಕಾಗಿಲ್ಲವೇ?

ಇಲ್ಲಿ ಮೂರನೆಯ ಅತಿಚಾರವಾದ ವಿರುದ್ಧರಾಜ್ಯಾತಿಕ್ರಮ ನೆನಪಾಗಬೇಕು. ರಾಜ್ಯದ ನಿಯಮ ಮೀರಿ ವ್ಯಾಪಾರ ಮಾಡುವುದೆಂದು ಅದನ್ನು ನಾವು ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತೇವೆ. ಪೂಜ್ಯಪಾದರು ಅದರಲ್ಲಿ ಇನ್ನೊಂದು ಪದರವನ್ನು ಕಂಡಿದ್ದಾರೆ. ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಅಮೂಲ್ಯ ವಸ್ತುಗಳು ಅಲ್ಪ ಬೆಲೆಗೆ ಸಿಗುತ್ತವೆಂದು ಅವುಗಳನ್ನು ಪಡೆಯಲು ಪ್ರಯತ್ನಿಸುವುದೂ ಈ ಅತಿಚಾರವೇ ಎಂಬುದು ಅವರ ವಿವರಣೆಯ ಸಾರ. ಸಾವಿರದ ಐನೂರು ವರ್ಷಗಳಷ್ಟು ಹಿಂದೆ ಒಬ್ಬ ನಿರ್ಗ್ರಂಥ ಮುನಿಯು ಯುದ್ಧಪೀಡಿತ ನಾಡುಗಳ ಸರಕಿನ ಬಗ್ಗೆ ಹೀಗೆ ಎಚ್ಚರಿಸಿದ್ದಾರೆಂದರೆ ಮೈ ಜುಮ್ಮೆನ್ನುತ್ತದೆ. ಪರರ ನಾಡಿನ ಅರಾಜಕತೆ ನಮ್ಮ ಲಾಭದ ಋತುವಾಗಬಾರದು.

ಶ್ರೀಗಂಧ ಕಲಿಸಿದ ಪಾಠ

ಹಾಗೆಂದು ಬಾಗಿಲು ಮುಚ್ಚುವುದೊಂದೇ ಪರಿಹಾರವಲ್ಲವೆಂಬುದನ್ನು ಪೂಜೆಯ ಶ್ರೀಗಂಧವೇ ಕಲಿಸಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಮೈಸೂರಿನಲ್ಲಿ ಅದನ್ನು ರಾಜವೃಕ್ಷವೆಂದು ಘೋಷಿಸಿದ ಮೇಲೆ ಎರಡು ಶತಮಾನಗಳ ಕಾಲ ಆ ಮರ ಪ್ರಭುತ್ವದ ಸೊತ್ತಾಯಿತು. ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಾಯುವ ಹೊಣೆ ಮಾತ್ರ ರೈತನದು. ಆದ್ದರಿಂದ ಪ್ರಾಮಾಣಿಕನು ಗಂಧದ ಸಸಿಗೆ ಹೆದರಿದ, ಕಳ್ಳನು ಮಾತ್ರ ಹೆದರಲಿಲ್ಲ. 2001ರಲ್ಲಿ ಕರ್ನಾಟಕವು ತನ್ನ ಅರಣ್ಯ ಕಾಯಿದೆಯನ್ನು ತಿದ್ದಿ, ಜಮೀನಿನ ಒಡೆಯನೇ ಮರದ ಒಡೆಯನೆಂದಿತು. ಅಂದಿನಿಂದ ರೈತರು ಗಂಧವನ್ನು ಬೆಳೆಯಾಗಿ ನೆಡುತ್ತಿದ್ದಾರೆ. ಕಳ್ಳರ ಕಾಟ ತಪ್ಪಿಲ್ಲ. ಆದರೆ ಮರಕ್ಕೆ ಒಬ್ಬ ನ್ಯಾಯವಾದ ತಂದೆ ಸಿಕ್ಕಿದ್ದಾನೆ.

ರಕ್ತಚಂದನವೂ ಈಗ ಅದೇ ದಾರಿಯಲ್ಲಿದೆ. ಈ ಮರದ ವ್ಯಾಪಾರದ ವಿಷಯದಲ್ಲಿ 2004ರಿಂದ ಭಾರತವನ್ನು ಸೈಟಿಸ್ ವಿಶೇಷ ಪರಿಶೀಲನೆಯಲ್ಲಿ ಇರಿಸಿತ್ತು. 2023ರ ನವೆಂಬರಿನಲ್ಲಿ ಅದರಿಂದ ಬಿಡುಗಡೆ ದೊರೆಯಿತು. ತಮ್ಮ ಹೊಲದಲ್ಲಿ ನೆಟ್ಟು ಬೆಳೆಸಿದವರು ಕ್ರಮಬದ್ಧವಾಗಿ ಮಾರುವ ಆಸೆ ಇದರಿಂದ ಚಿಗುರಿದೆ. ನಿಷೇಧವು ಕಳ್ಳನ ದಾರಿಯನ್ನು ಮುಚ್ಚಬೇಕು, ಬೆಳೆದವನ ದಾರಿಯನ್ನು ತೆರೆಯಬೇಕು. ಎರಡನೆಯದನ್ನು ಮರೆತ ನಿಷೇಧ ಕೊನೆಗೆ ಕಳ್ಳನಿಗೇ ಏಕಸ್ವಾಮ್ಯವನ್ನು ಕೊಡುತ್ತದೆ.

ನಮ್ಮ ಮುಂದಿನ ಆಕ್ಷೇಪಗಳು

ಅನೇಕಾಂತ ದೃಷ್ಟಿಯುಳ್ಳವರು ಎದುರು ಮಾತನ್ನೂ ಆದರದಿಂದ ಕೇಳಬೇಕು. “ನಾವು ಕೊಳ್ಳುವುದು ಅಂಗೈಯಗಲದ ಕೊರಡು, ಇದರಿಂದ ಕಾಡು ಉಳಿದೀತೇ?” ಎಂದು ಕೆಲವರು ಕೇಳಬಹುದು. ಕಾಡು ಉಳಿಯುತ್ತದೋ ಇಲ್ಲವೋ, ವ್ರತವಂತೂ ಉಳಿಯುತ್ತದೆ. ಅಣುವ್ರತವೆಂಬ ಹೆಸರೇ ಸಣ್ಣದರ ಮಹತ್ತ್ವವನ್ನು ಹೇಳುತ್ತದೆ. ಸೋಸಿದ ಒಂದು ತಂಬಿಗೆ ನೀರಿನಿಂದ ಜಗತ್ತಿನ ಹಿಂಸೆ ನಿಲ್ಲುವುದಿಲ್ಲವೆಂದು ನಾವು ಸೋಸುವುದನ್ನು ಬಿಟ್ಟಿಲ್ಲ.

“ಕೊಳ್ಳುವುದನ್ನು ನಿಲ್ಲಿಸಿದರೆ ಕಡಿಯುವ ಬಡವನ ಹೊಟ್ಟೆಯ ಮೇಲೆ ಹೊಡೆದಂತಾಗದೇ?” ಎಂಬುದು ಹೆಚ್ಚು ಗಂಭೀರವಾದ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶೇಷಾಚಲಕ್ಕೆ ಹೋದವರು ಹಸಿವಿನಿಂದಲೇ ಹೋದವರು. ಆದರೆ ಕಳ್ಳ ಮರದ ಬೆಲೆಯಲ್ಲಿ ಅವರಿಗೆ ದಕ್ಕುವುದು ಅತ್ಯಲ್ಪ ಪಾಲು, ಅಪಾಯವೋ ಪೂರ್ಣ ಪಾಲು. ಅವರ ಮೇಲಿನ ಕರುಣೆ ನಿಜವಾದರೆ ನಮ್ಮ ದಾನವು ಅವರ ಊರಿನ ಶಾಲೆಗೆ, ಔಷಧಕ್ಕೆ ಹೋಗಲಿ. ನೆಟ್ಟು ಬೆಳೆಸುವ ರೈತನಿಗೂ ಕ್ರಮಬದ್ಧವಾಗಿ ಕೆತ್ತುವ ಕುಶಲಕರ್ಮಿಗೂ ನಾವು ಒಂದು ರೂಪಾಯಿ ಹೆಚ್ಚೇ ಕೊಡೋಣ. ಕೊಳ್ಳದಿರುವುದು ಅರ್ಧ ಧರ್ಮ. ಸರಿಯಾದವನಿಂದ ಸರಿಯಾದ ಬೆಲೆಗೆ ಕೊಳ್ಳುವುದು ಉಳಿದರ್ಧ.

ಮಂದಿರದಿಂದಲೇ ಆರಂಭವಾಗಲಿ

ಈ ಮಹೋತ್ಸವದ ಶುಭಸಂದರ್ಭದಲ್ಲಿ ಶ್ರೀಸಂಘದ ಮುಂದೆ ಕೆಲವು ವಿನಂತಿಗಳನ್ನು ಇಡಬಯಸುತ್ತೇನೆ. ಪೂಜೆಯ ಶ್ರೀಗಂಧವನ್ನು ಸರ್ಕಾರಿ ಮಾರಾಟ ವ್ಯವಸ್ಥೆಯಿಂದಾಗಲಿ, ಪರವಾನಗಿಯುಳ್ಳ ಬೆಳೆಗಾರರಿಂದಾಗಲಿ ರಸೀದಿಯೊಂದಿಗೆ ಕೊಳ್ಳೋಣ. ಕೇರಳದ ಮರಯೂರಿನಲ್ಲಿ ಅರಣ್ಯ ಇಲಾಖೆಯೇ ಶ್ರೀಗಂಧವನ್ನು ಹರಾಜು ಹಾಕುತ್ತದೆ, ದೇವಸ್ಥಾನಗಳೂ ಅಲ್ಲಿ ಕೊಳ್ಳುತ್ತವೆ. ಬೆಲೆ ಹೆಚ್ಚಾದರೆ ಪ್ರಮಾಣ ಕಡಿಮೆಯಾಗಲ‌ಿ. ಒಂದು ಬೊಟ್ಟು ಶುದ್ಧ ಗಂಧದಿಂದ ಪೂಜೆಗೆ ಕೊರತೆಯಾಗದು. ಭಕ್ತರು ಕೊರಡನ್ನು ಅರ್ಪಿಸಿದರೆ ಅದರ ಮೂಲವನ್ನು ಪುಸ್ತಕದಲ್ಲಿ ಬರೆದಿಡೋಣ. ಹೊಸ ಬಾಗಿಲು, ಪೀಠ, ಕಪಾಟು ಮಾಡಿಸುವಾಗ ತೇಗ ಯಾವ ದೇಶದ್ದೆಂದು ಕೇಳೋಣ, ಉತ್ತರ ಸಿಗದಿದ್ದರೆ ತೋಟದಲ್ಲಿ ಬೆಳೆದ ಮರವನ್ನೋ ಹಳೆಯ ಮನೆಗಳಿಂದ ಇಳಿಸಿದ ಮರವನ್ನೋ ಬಳಸೋಣ. ವಿಚಾರಿಸುವುದಕ್ಕೆ ತಗಲುವ ಖರ್ಚನ್ನು ಮಾರುವವನ ಬೆಲೆಯಿಂದ ಕಳೆಯದೆ ನಾವೇ ಹೊರೋಣ.

ದೇಶಗಳ ಕಾಯಿದೆಗಳು ಬದಲಾಗುತ್ತವೆ; ಒಂದನ್ನು ಮುಂದೂಡುತ್ತಾರೆ, ಇನ್ನೊಂದನ್ನು ಸಡಿಲಿಸುತ್ತಾರೆ. ವ್ರತವನ್ನು ಮುಂದೂಡುವವರು ನಾವೇ ಹೊರತು ಬೇರೆ ಯಾರೂ ಅಲ್ಲ. ನಾಳೆ ಬೆಳಿಗ್ಗೆ ಸಾಣೆಕಲ್ಲಿನ ಸದ್ದು ಕಿವಿಗೆ ಬಿದ್ದಾಗ, ಆ ಕೊರಡು ಎಲ್ಲಿಂದ ಬಂತೆಂದು ಮಂದಿರದ ಪುಸ್ತಕದಲ್ಲಿ ಬರೆದಿದೆಯೆಂಬ ನೆಮ್ಮದಿ ನಮಗಿರಲಿ. ಅಂಥ ಗಂಧವು ಹಚ್ಚಿದವರ ಮನಸ್ಸಿನ ತಾಪವನ್ನೂ ತಣಿಸೀತು.

ಜೈ ಜಿನೇಂದ್ರ.